ಕಟ್ಟಿಗೆ, ಕೆಂಡ, ಹೊಗೆ

ಆಷಾಢದ ಮಳೆ ಹಿಡಿಯಿತೆಂದರೆ ಸಾಗರ ಸೀಮೆಯ ನಮ್ಮ ಮನೆಯಲ್ಲಿ ಸಂಜೆಯ ಮಾತೆಲ್ಲ ಬಚ್ಚಲೊಲೆಯ ಮುಂದೆ. ವೈದ್ಯಕೀಯ ಕಾಲೇಜಿನಲ್ಲಿ ಔಷಧ ವಿಜ್ಞಾನ ಕಲಿಸುವ ನಾನು ನಾಲ್ಕು ದಿನದ ರಜೆಗೆ ಊರಿಗೆ ಹೋಗಿದ್ದೆ. ಎರಡು ವರ್ಷದ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡ ಚಿಕ್ಕಪ್ಪ ರಕ್ತಪರೀಕ್ಷೆಯ ಹಾಳೆಗಳ ಕಟ್ಟು ಹಿಡಿದು ಬಂದು ಮಣೆ ಎಳೆದು ಕೂತರು. ಆ ಸಂಜೆಯ ಮಾತುಗಳನ್ನು ನೆನಪಿರುವಷ್ಟು ಇಲ್ಲಿ ಬರೆದಿದ್ದೇನೆ. ಇಂಥದೇ ಕಟ್ಟು ಹಿಡಿದು, ಇಂಥದೇ ಲೆಕ್ಕ ಹಾಕುತ್ತ ಕೂತವರು ಎಷ್ಟೋ ಮನೆಗಳಲ್ಲಿದ್ದಾರೆ.

ಚಿಕ್ಕಪ್ಪ: ಓದು ಇದನ್ನ. ಸ್ಟೆಂಟ್ ಹಾಕಿದಾಗ ಎಲ್‌ಡಿಎಲ್ ಕೊಲೆಸ್ಟ್ರಾಲ್ 142 ಇತ್ತು. ಹೋದ ತಿಂಗಳು 64. ಪಕ್ಕದಲ್ಲೇ ನಾರ್ಮಲ್ ಅಂತ ಅಚ್ಚಾಗಿದೆ. ಅದಕ್ಕೇ ರಾತ್ರಿ ಮಾತ್ರೆ ಬಿಟ್ಟೆ. ಮೂರು ವಾರ ಆಯ್ತು.

ನಾನು: ರಾತ್ರಿ ಮಾತ್ರೆ ಅಂದರೆ ಅಟೊರ್ವಾಸ್ಟಾಟಿನ್ ತಾನೆ? ರಕ್ತ ತೆಳು ಮಾಡುವ ಮಾತ್ರೆಯನ್ನೂ ಬಿಟ್ಟಿರಾ?

ಚಿಕ್ಕಪ್ಪ: ಇಲ್ಲ ಇಲ್ಲ. ಅದನ್ನು ಬಿಟ್ಟರೆ ಸ್ಟೆಂಟ್ ಕಟ್ಟಿಕೊಳ್ಳುತ್ತದೆ ಅಂತ ಡಾಕ್ಟರು ಹೇಳಿದ್ದು ನೆನಪಿದೆ. ಆದರೆ ಕೊಲೆಸ್ಟ್ರಾಲ್ ಮಾತ್ರೆ ಇರೋದು ಕೊಲೆಸ್ಟ್ರಾಲಿಗೆ. ಅದು ಇಳೀತು. ಜ್ವರ ಬಿಟ್ಟ ಮೇಲೂ ಜ್ವರದ ಮಾತ್ರೆ ನುಂಗುತ್ತಾರಾ?

ನಾನು: ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತೀರಿ. ಕೊಳೆ ರೋಗ ಬರುವುದಿಲ್ಲ. ಕೊಳೆ ಇಲ್ಲವಲ್ಲ ಎಂದು ಮಳೆಗಾಲದ ನಡುವೆ ಎರಡನೇ ಸಲದ ಔಷಧಿ ಬಿಡುತ್ತೀರಾ?

ಚಿಕ್ಕಪ್ಪ: ಬಿಟ್ಟರೆ ಆ ವರ್ಷದ ಬೆಳೆ ಹೋಯಿತು.

ನಾನು: ಆ 64 ಮಾತ್ರೆ ಹಿಡಿದು ನಿಲ್ಲಿಸಿದ ಅಂಕಿ. ಮಾತ್ರೆ ನಿಂತರೆ ಕೆಲವೇ ವಾರಗಳಲ್ಲಿ ಹಳೆಯ ಕಡೆಗೇ ಹೋಗುತ್ತದೆ. ಇನ್ನೊಂದು ಮಾತು. ಈ ಹಾಳೆಯ ‘ನಾರ್ಮಲ್’ ನಿಮಗೆ ಬರೆದದ್ದಲ್ಲ, ಹೃದಯದ ತೊಂದರೆ ಇಲ್ಲದವರಿಗೆ ಬರೆದದ್ದು. ಭಾರತದ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಒಮ್ಮೆ ಹೃದಯಾಘಾತವಾದವರಲ್ಲಿ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕು. ನೀವು ಮಾತ್ರೆ ತೆಗೆದುಕೊಳ್ಳುತ್ತಿದ್ದಾಗಲೂ ಆ ಗೆರೆ ಮುಟ್ಟಿರಲಿಲ್ಲ.

ಚಿಕ್ಕಪ್ಪ: ಇದನ್ನು ಯಾರೂ ಹೇಳಲಿಲ್ಲ. ಸರಿ, ಹಾಗಾದರೆ ಈ ಕೆಂಪಕ್ಷರ ಏನು? ಪೇಟೆಯಲ್ಲಿ ಫುಲ್ ಬಾಡಿ ಚೆಕಪ್ ಅಂತ ಪ್ಯಾಕೇಜ್ ಮಾಡಿಸಿದೆ. ಎಚ್‌ಎಸ್ ಸಿಆರ್‌ಪಿ 4.6. ‘ಮೈಯೊಳಗೆ ಇನ್‌ಫ್ಲಮೇಶನ್ ಇದೆ, ಹಾರ್ಟಿಗೆ ಅಪಾಯ’ ಅಂದ ಲ್ಯಾಬಿನ ಹುಡುಗ. ನಂಜು ಅಂತಲಾ?

ನಾನು: ನಂಜು ಅಂದರೆ ನಮ್ಮ ಕಡೆ ಗಾಯ ಕೆಟ್ಟು ಕೀವು ಕಟ್ಟಿದ್ದು, ವಿಷ ಏರಿದ್ದು. ಅಲ್ಲಿ ಸಾಮಾನ್ಯವಾಗಿ ಹೊರಗಿನ ಕ್ರಿಮಿ ಇರುತ್ತದೆ. ಇದಕ್ಕೆ ಉರಿಯೂತ ಎಂಬ ಒಳ್ಳೆಯ ಹೆಸರಿದೆ. ಉರಿ ಮತ್ತು ಊತ. ಬೆರಳಿಗೆ ಮುಳ್ಳು ಹೊಕ್ಕರೆ ಬೆರಳು ಬಿಸಿಯಾಗಿ, ಕೆಂಪೇರಿ, ಬಾತುಕೊಳ್ಳುತ್ತದಲ್ಲ, ಅದೇ. ಮುಳ್ಳನ್ನು ಹೊರಹಾಕಲು ದೇಹ ಬಿಳಿ ರಕ್ತಕಣಗಳನ್ನು ಕಳಿಸಿದ ಗುರುತು ಅದು. ಬೆರಳಲ್ಲಾದರೆ ಎರಡು ದಿನಕ್ಕೆ ಮುಗಿಯುತ್ತದೆ. ಹೃದಯದ ರಕ್ತನಾಳದ ಗೋಡೆಯಲ್ಲಿ ಅದೇ ಕೆಲಸ ಇಪ್ಪತ್ತು, ಮೂವತ್ತು ವರ್ಷ ನಡೆಯುತ್ತದೆ. ನೋವಿಲ್ಲ, ಹೊರಗೆ ಗುರುತಿಲ್ಲ.

ಚಿಕ್ಕಪ್ಪ: ರಕ್ತನಾಳದಲ್ಲಿ ಮುಳ್ಳು ಎಲ್ಲಿಂದ ಬರಬೇಕು?

ನಾನು: ಕೊಲೆಸ್ಟ್ರಾಲೇ ಅಲ್ಲಿ ಮುಳ್ಳು. ಪೈಪಿನೊಳಗೆ ಜಿಡ್ಡು ಕಟ್ಟಿದ ಹಾಗೆ ಎಂದು ಎಲ್ಲರೂ ಹೇಳುತ್ತೇವೆ, ನಾನೂ ಹೇಳಿದ್ದೇನೆ. ಆ ಹೋಲಿಕೆ ಪೂರ್ತಿ ಸರಿಯಲ್ಲ. ಎಲ್‌ಡಿಎಲ್ ಎಂಬ ಕೊಬ್ಬಿನ ಕಣ ನಾಳದ ಒಳಪದರವನ್ನು ದಾಟಿ ಗೋಡೆಯೊಳಗೆ ಸೇರುತ್ತದೆ. ಅಲ್ಲಿ ಸಿಕ್ಕಿಬಿದ್ದು ಕೆಡುತ್ತದೆ. ಕೆಟ್ಟದ್ದನ್ನು ತೆಗೆಯಲು ಬಿಳಿ ರಕ್ತಕಣಗಳು ಗೋಡೆಗೆ ನುಗ್ಗಿ ಅದನ್ನು ನುಂಗುತ್ತವೆ. ನುಂಗಿ ನುಂಗಿ ಉಬ್ಬುತ್ತವೆ, ಅರಗಿಸಿಕೊಳ್ಳಲಾರದೆ ಅಲ್ಲೇ ಸಾಯುತ್ತವೆ. ಸತ್ತ ಕೋಶಗಳಿಂದ ಚೆಲ್ಲಿದ ಕೊಬ್ಬು ಇನ್ನಷ್ಟು ಕಣಗಳನ್ನು ಕರೆಯುತ್ತದೆ. ಕೊಲೆಸ್ಟ್ರಾಲ್ ಅಲ್ಲಿ ಹರಳುಗಟ್ಟುತ್ತದೆ ಕೂಡ. ಆ ಸೂಜಿಯಂಥ ಹರಳುಗಳು ಬಿಳಿ ಕಣದೊಳಗಿನ ಒಂದು ಎಚ್ಚರಿಕೆಯ ಗಂಟೆಯನ್ನು ನೇರವಾಗಿ ಬಾರಿಸುತ್ತವೆ ಎಂದು 2010ರಲ್ಲಿ ತೋರಿಸಿದರು. ಗಂಟೆ ಬಾರಿಸಿದರೆ ಇಂಟರ್‌ಲ್ಯೂಕಿನ್-1 ಎಂಬ ಸಂದೇಶ ಹೊರಡುತ್ತದೆ. ಅದು ಇಂಟರ್‌ಲ್ಯೂಕಿನ್-6 ಅನ್ನು ಎಬ್ಬಿಸುತ್ತದೆ. ಅದು ಯಕೃತ್ತಿಗೆ ಮುಟ್ಟಿದರೆ ಯಕೃತ್ತು ಸಿಆರ್‌ಪಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ನಿಮ್ಮ ಹಾಳೆಯಲ್ಲಿ ಕೆಂಪಾಗಿ ಕಂಡದ್ದು ಈ ಸಾಲಿನ ಕೊನೆಯ ಕೊಂಡಿ.

ಚಿಕ್ಕಪ್ಪ: ಸರಿ, ಉರಿ ಇರಲಿ. ಹೃದಯಾಘಾತ ಆಗೋದು ನಾಳ ಮುಚ್ಚಿಕೊಂಡು ತಾನೆ? ನನಗೆ ತೊಂಬತ್ತು ಪರ್ಸೆಂಟ್ ಬ್ಲಾಕ್ ಅಂದಿದ್ದರು.

ನಾನು: ಹಲವರಲ್ಲಿ ಆಘಾತಕ್ಕೆ ಕಾರಣವಾಗುವುದು ದೊಡ್ಡ ಬ್ಲಾಕ್ ಅಲ್ಲ, ಹಸಿ ಬ್ಲಾಕ್. ಕೊಬ್ಬಿನ ಆ ಗಂಟಿನ ಮೇಲೆ ನಾರಿನ ಒಂದು ಹೊದಿಕೆ ಇರುತ್ತದೆ. ಉರಿಯೂತದ ಕೋಶಗಳು ಆ ಹೊದಿಕೆಯನ್ನು ಕರಗಿಸುವ ಕಿಣ್ವ ಬಿಡುತ್ತವೆ. ಹೊದಿಕೆ ತೆಳುವಾಗಿ ಒಂದು ದಿನ ಹರಿದರೆ ಒಳಗಿನ ಕೊಬ್ಬು ರಕ್ತಕ್ಕೆ ತಾಗುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ನಾಳ ನಿಮಿಷಗಳಲ್ಲಿ ಮುಚ್ಚುತ್ತದೆ. ನಿನ್ನೆಯವರೆಗೆ ಗುಡ್ಡ ಹತ್ತಿದವರು ಇವತ್ತು ಎದೆ ಹಿಡಿದುಕೊಳ್ಳುವುದು ಹೀಗೆ. ನಿಮ್ಮ ಸ್ಟೆಂಟ್ ತೆರೆದಿಟ್ಟಿರುವುದು ಒಂದಂಗುಲ ಜಾಗವನ್ನು. ರೋಗ ಇರುವುದು ಎಲ್ಲ ನಾಳಗಳ ಉದ್ದಕ್ಕೂ. ಉಳಿದ ಜಾಗಕ್ಕೆ ಸ್ಟೆಂಟ್ ಇಲ್ಲ. ಇರುವುದು ನೀವು ಬಿಟ್ಟ ಮಾತ್ರೆ.

(ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಒಲೆಯೊಳಗೆ ಹಸಿ ಕುಂಟೆಯೊಂದು ಹೊಗೆಯಾಡುತ್ತಿತ್ತು. ಅದನ್ನು ಸರಿಸಿ ಒಣಗಿದ ಅಡಿಕೆ ಹಾಳೆಯೊಂದನ್ನು ತುರುಕಿದರು.)

ಚಿಕ್ಕಪ್ಪ: ಅಂದರೆ ಕೊಲೆಸ್ಟ್ರಾಲ್ ಈ ಕಟ್ಟಿಗೆ. ಉರಿಯೂತ ಒಳಗಿರುವ ಕೆಂಡ. ಸಿಆರ್‌ಪಿ ಹಂಚಿನ ಸಂದಿಯಿಂದ ಹೊರಗೆ ಕಾಣುವ ಹೊಗೆ.

ನಾನು: ಇನ್ನು ಮೇಲೆ ತರಗತಿಯಲ್ಲಿ ಇದನ್ನೇ ಹೇಳುತ್ತೇನೆ ಚಿಕ್ಕಪ್ಪ. ಹೊಗೆ ಎಂದದ್ದು ಬಹಳ ಸರಿ. ಹುಟ್ಟಿನಿಂದಲೇ, ವಂಶವಾಹಿಯ ಕಾರಣಕ್ಕೆ, ಸಿಆರ್‌ಪಿ ಹೆಚ್ಚಿರುವ ಜನರಿದ್ದಾರೆ. ಅವರಿಗೆ ಅದರಿಂದಾಗಿ ಹೃದಯಾಘಾತ ಹೆಚ್ಚಾಗುವುದಿಲ್ಲ. ಹೊಗೆ ಸುಡುವುದಿಲ್ಲ, ಸುಡುವುದು ಎಲ್ಲಿದೆ ಎಂದು ತೋರಿಸುತ್ತದೆ.

ಚಿಕ್ಕಪ್ಪ: ಇದೆಲ್ಲ ಈಚೆಗೆ ಗೊತ್ತಾದದ್ದೋ?

ನಾನು: ಅಲ್ಲವೇ ಅಲ್ಲ. ಜರ್ಮನಿಯ ರುಡಾಲ್ಫ್ ವಿರ್ಕೋ 19ನೇ ಶತಮಾನದ ನಡುವಿನಲ್ಲೇ ನಾಳದ ಈ ರೋಗ ಉರಿಯೂತವೆಂದು ವಾದಿಸಿದ್ದ. 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ಅದೇ ರೋಗ ಬರಿಸಿದ. ಆಮೇಲೆ ಬಹುಕಾಲ ಕಟ್ಟಿಗೆಯ ಮಾತೇ ಮೇಲಾಯಿತು, ಕೆಂಡದ ಮಾತು ಹಿಂದಾಯಿತು. ಅಮೆರಿಕದ ರಸೆಲ್ ರಾಸ್ 1999ರಲ್ಲಿ ಬರೆದ ದೊಡ್ಡ ಲೇಖನದ ಹೊತ್ತಿಗೆ ಎರಡೂ ಒಂದೇ ಕಥೆಯ ಭಾಗ ಎಂಬುದು ಒಪ್ಪಿತವಾಯಿತು. ಆ ಹೊತ್ತಿಗಾಗಲೇ ನಿಮ್ಮ ಮಾತ್ರೆಯ ಜಾತಿ ಅಂಗಡಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಅದು ಎಲ್ಲಿಂದ ಬಂತು ಗೊತ್ತಾ? ಅಕ್ಕಿಯ ಬೂಷ್ಟಿನಿಂದ.

ಚಿಕ್ಕಪ್ಪ: ಬೂಷ್ಟಿನಿಂದ?

ನಾನು: ಜಪಾನಿನ ಅಕಿರಾ ಎಂಡೊ ಅಂತ, ರೈತರ ಮನೆಯ ಹುಡುಗ. ಅಣಬೆ, ಬೂಷ್ಟು ಎಂದರೆ ಚಿಕ್ಕಂದಿನಿಂದ ಆಸಕ್ತಿ. ಯಕೃತ್ತು ಕೊಲೆಸ್ಟ್ರಾಲ್ ಕಟ್ಟುವುದನ್ನು ತಡೆಯುವ ವಸ್ತು ಯಾವುದೋ ಬೂಷ್ಟಿನಲ್ಲಿ ಇದ್ದೀತು ಎಂದು ಸುಮಾರು 6,000 ಬಗೆಗಳನ್ನು ಪರೀಕ್ಷೆ ಮಾಡಿದರು. 1973ರಲ್ಲಿ ಕ್ಯೋಟೋದ ಅಕ್ಕಿಯ ಮೇಲಿನ ನೀಲಿ ಹಸಿರು ಬೂಷ್ಟಿನಲ್ಲಿ ಅದು ಸಿಕ್ಕಿತು. ಇಲಿಗಳಿಗೆ ಕೊಟ್ಟರೆ ಏನೂ ಆಗಲಿಲ್ಲ. ಬೇರೆಯವರಾದರೆ ಅಲ್ಲಿಗೇ ಬಿಡುತ್ತಿದ್ದರೇನೋ. ಮೊಟ್ಟೆ ಇಡುವ ಕೋಳಿಗಳಿಗೆ ಕೊಟ್ಟು ನೋಡಿದಾಗ ಕೊಲೆಸ್ಟ್ರಾಲ್ ಇಳಿಯಿತು. 1987ರಲ್ಲಿ ಅಮೆರಿಕದಲ್ಲಿ ಈ ಜಾತಿಯ, ಅಂದರೆ ಸ್ಟಾಟಿನ್ ಜಾತಿಯ, ಮೊದಲ ಮಾತ್ರೆಗೆ ಅನುಮತಿ ಸಿಕ್ಕಿತು. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳ ಮೇಲಿನ ಪ್ರಯೋಗ ಹೊರಬಂತು. ಐದು ವರ್ಷಕ್ಕೂ ಹೆಚ್ಚು ಕಾಲ ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಶೇ. 30ರಷ್ಟು ಕಡಿಮೆ. ಎಂಡೊ 2024ರಲ್ಲಿ ತೀರಿಕೊಂಡರು. ಎಷ್ಟೋ ಮನೆಗಳಲ್ಲಿ ಯಜಮಾನರು ಇನ್ನೂ ಬದುಕಿರುವುದಕ್ಕೆ ಕಾರಣರಾದ ಮನುಷ್ಯ. ಅವರಿಗೆ ನೊಬೆಲ್ ಬರಲಿಲ್ಲ ಎಂಬುದು ನನಗೆ ಇವತ್ತಿಗೂ ಬೇಸರದ ಸಂಗತಿ.

ಚಿಕ್ಕಪ್ಪ: ಆದರೆ ಅದು ಕಟ್ಟಿಗೆ ಕಡಿಮೆ ಮಾಡುವ ಮಾತ್ರೆ. ಕೆಂಡಕ್ಕೆ ಏನು ಮಾಡುತ್ತದೆ?

ನಾನು: ಎರಡು ಥರದಲ್ಲಿ. ಕಟ್ಟಿಗೆ ಕಡಿಮೆಯಾದರೆ ಕೆಂಡ ತಾನಾಗಿ ತಗ್ಗುತ್ತದೆ, ಇದು ಮೊದಲನೆಯದು ಮತ್ತು ದೊಡ್ಡದು. ಎರಡನೆಯದಕ್ಕೆ ತೋಟದ ಕಾಲುವೆ ನೆನಪಿಸಿಕೊಳ್ಳಿ. ಯಕೃತ್ತು ಕೊಲೆಸ್ಟ್ರಾಲ್ ಕಟ್ಟುವುದು ಒಂದು ಉದ್ದ ಕಾಲುವೆಯ ಹಾಗೆ, ಹಂತ ಹಂತವಾಗಿ. ಸ್ಟಾಟಿನ್ ಅದರ ತಲೆಯಲ್ಲೇ ಅಡ್ಡಕಟ್ಟು ಹಾಕುತ್ತದೆ. ಮುಖ್ಯ ಕಾಲುವೆಯಲ್ಲಿ ಹರಿವು ಇಳಿದರೆ ಪಕ್ಕದ ಕವಲುಗಳಲ್ಲೂ ಇಳಿಯಬೇಕಲ್ಲ. ಆ ಕವಲುಗಳಲ್ಲಿ ತಯಾರಾಗುವ ಸಣ್ಣ ಕೊಬ್ಬಿನ ಎಳೆಗಳು ಬೇಕು, ಜೀವಕೋಶದೊಳಗೆ ಉರಿಯೂತದ ಆಜ್ಞೆ ಸಾಗಿಸುವ ಕೆಲವು ಪ್ರೊಟೀನುಗಳಿಗೆ. ಎಳೆ ಇಲ್ಲದಿದ್ದರೆ ಅವು ಕೆಲಸದ ಜಾಗಕ್ಕೆ ಅಂಟಿಕೊಳ್ಳಲಾರವು. ಆಗ ನಾಳದ ಒಳಪದರ ನೈಟ್ರಿಕ್ ಆಕ್ಸೈಡನ್ನು ಹೆಚ್ಚು ತಯಾರಿಸುತ್ತದೆ, ನಾಳ ಸಡಿಲವಾಗುತ್ತದೆ, ಬಿಳಿ ಕಣಗಳು ಗೋಡೆಗೆ ಅಂಟುವುದು ತಗ್ಗುತ್ತದೆ, ಹೊದಿಕೆ ಕರಗಿಸುವ ಕಿಣ್ವಗಳೂ ತಗ್ಗುತ್ತವೆ. ಇದರಲ್ಲಿ ಬಹಳಷ್ಟನ್ನು ಕಂಡದ್ದು ಪ್ರಯೋಗಶಾಲೆಯ ತಟ್ಟೆಯಲ್ಲಿ, ಮನುಷ್ಯರಿಗೆ ಕೊಡುವುದಕ್ಕಿಂತ ಹೆಚ್ಚಿನ ಸಾಂದ್ರತೆಯಲ್ಲಿ ಎಂಬುದನ್ನೂ ಹೇಳಬೇಕು. ಹಾಗಾಗಿ ಎರಡನೆಯ ದಾರಿಯನ್ನೇ ದೊಡ್ಡದು ಮಾಡಿ ಹೇಳುವವರ ಮಾತಿಗೆ ನಾನು ಪೂರ್ತಿ ಒಲಿಯುವವಳಲ್ಲ.

ಚಿಕ್ಕಪ್ಪ: ತಟ್ಟೆ ಬಿಡು. ಮನುಷ್ಯರಲ್ಲಿ ಕಂಡದ್ದು ಹೇಳು.

ನಾನು: ಬೋಸ್ಟನ್ನಿನ ಪಾಲ್ ರಿಡ್ಕರ್ ಅನ್ನುವ ವೈದ್ಯರು ಈ ಪ್ರಶ್ನೆಯ ಹಿಂದೆ ಮೂವತ್ತು ವರ್ಷ ಬಿದ್ದಿದ್ದಾರೆ. ಸಿಆರ್‌ಪಿಯನ್ನು 1930ರಲ್ಲೇ ನ್ಯೂಯಾರ್ಕಿನಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡುಕೊಂಡಿದ್ದರು. ಅದು ತುಸು ಏರಿದ್ದರೂ, ಆರೋಗ್ಯವಾಗಿ ಕಾಣುವವರಲ್ಲೂ ಮುಂದಿನ ಹೃದಯಾಘಾತ ಹೆಚ್ಚು ಎಂದು ರಿಡ್ಕರ್ 1997ರಲ್ಲಿ ತೋರಿಸಿದರು. 2001ರಲ್ಲಿ ಪ್ರವಾಸ್ಟಾಟಿನ್ ಕೊಟ್ಟು ನೋಡಿದರು. ಆರು ತಿಂಗಳೊಳಗೆ ಸಿಆರ್‌ಪಿ ಸುಮಾರು ಶೇ. 17ರಷ್ಟು ಇಳಿಯಿತು. ಅಚ್ಚರಿ ಎಂದರೆ ಯಾರಲ್ಲಿ ಎಲ್‌ಡಿಎಲ್ ಹೆಚ್ಚು ಇಳಿಯಿತೋ ಅವರಲ್ಲೇ ಸಿಆರ್‌ಪಿ ಹೆಚ್ಚು ಇಳಿದಿರಲಿಲ್ಲ. ಎರಡೂ ಒಂದೇ ಹಗ್ಗಕ್ಕೆ ಕಟ್ಟಿದ ಕೊಡಗಳಲ್ಲ ಎಂದಾಯಿತು. 2005ರಲ್ಲಿ, ಆಗಷ್ಟೇ ಆಘಾತದಿಂದ ಆಸ್ಪತ್ರೆ ಸೇರಿದ್ದವರನ್ನು ನೋಡಿದಾಗ, ಎಲ್‌ಡಿಎಲ್ 70ಕ್ಕಿಂತ ಕೆಳಗೆ ಬಂದು, ಜೊತೆಗೆ ಸಿಆರ್‌ಪಿಯೂ 2ಕ್ಕಿಂತ ಕೆಳಗೆ ಬಂದವರೇ ಎಲ್ಲರಿಗಿಂತ ಚೆನ್ನಾಗಿ ಉಳಿದರು.

ಆಮೇಲೆ 2008ರಲ್ಲಿ ಜುಪಿಟರ್ ಪ್ರಯೋಗ. 17,802 ಜನ. ಹೃದ್ರೋಗ ಇರಲಿಲ್ಲ, ಎಲ್‌ಡಿಎಲ್ ಚಿಕಿತ್ಸೆ ಬೇಡ ಎನ್ನುವಷ್ಟು ಕಡಿಮೆ ಇತ್ತು, ಆದರೆ ಸಿಆರ್‌ಪಿ 2 ಅಥವಾ ಮೇಲೆ. ಒಂದು ಗುಂಪಿಗೆ ರೊಸುವಾಸ್ಟಾಟಿನ್, ಇನ್ನೊಂದಕ್ಕೆ ಔಷಧಿಯಿಲ್ಲದ ಖಾಲಿ ಮಾತ್ರೆ ಕೊಟ್ಟರು. ಎಲ್‌ಡಿಎಲ್ ಅರ್ಧಕ್ಕಿಳಿಯಿತು, ಸಿಆರ್‌ಪಿ ಶೇ. 37ರಷ್ಟು ಇಳಿಯಿತು. ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಶೇ. 44ರಷ್ಟು ಕಡಿಮೆಯಾದವು. ಇನ್ನು ಒಂದು ಗುಂಪಿಗೆ ಖಾಲಿ ಮಾತ್ರೆ ಕೊಡುತ್ತ ಹೋಗುವುದು ಸರಿಯಲ್ಲವೆಂದು ಎರಡು ವರ್ಷ ತುಂಬುವ ಮೊದಲೇ ನಿಲ್ಲಿಸಿದರು.

ಚಿಕ್ಕಪ್ಪ: ನಿಲ್ಲು. ಎರಡೂ ಒಟ್ಟಿಗೆ ಇಳಿದವು ಅಂದೆ. ಹಾಗಾದರೆ ಉಪಕಾರ ಆದದ್ದು ಕಟ್ಟಿಗೆ ಎಳೆದದ್ದರಿಂದಲೋ, ಕೆಂಡ ತಗ್ಗಿದ್ದರಿಂದಲೋ? ಗೊಬ್ಬರ, ನೀರು ಎರಡೂ ಹಾಕಿ ಫಸಲು ಬಂದರೆ ಗೊಬ್ಬರದ್ದೇ ಪುಣ್ಯ ಅನ್ನಬಹುದಾ?

ನಾನು: ಜುಪಿಟರ್ ಬಗ್ಗೆ ಜಗತ್ತಿನ ತಜ್ಞರು ಎತ್ತಿದ್ದೂ ಇದೇ ಆಕ್ಷೇಪ. ಸಿಆರ್‌ಪಿ ಕಡಿಮೆ ಇದ್ದವರನ್ನು ಆ ಪ್ರಯೋಗಕ್ಕೆ ಸೇರಿಸಿಕೊಂಡೇ ಇರಲಿಲ್ಲ, ಹಾಗಾಗಿ ತಾಳೆ ನೋಡುವಂತಿಲ್ಲ. ಸ್ಟಾಟಿನ್ ಒಂದರಿಂದಲೇ ಈ ಪ್ರಶ್ನೆ ಬಿಡಿಸಲು ಆಗುವುದಿಲ್ಲ. ಕಟ್ಟಿಗೆಯನ್ನು ಮಾತ್ರ ಎಳೆಯುವ ಔಷಧಿ ಒಂದು, ಕೆಂಡವನ್ನು ಮಾತ್ರ ಆರಿಸುವ ಔಷಧಿ ಇನ್ನೊಂದು ಬೇಕು. 2017ರಲ್ಲಿ ಎರಡರ ಫಲಿತಾಂಶವೂ ಬಂತು. ನನ್ನ ಓದಿನಲ್ಲಿ ಆ ವರ್ಷವನ್ನು ಮರೆಯಲಾರೆ.

ಮೊದಲನೆಯದು ಇವೊಲೊಕುಮ್ಯಾಬ್ ಎಂಬ ಇಂಜೆಕ್ಷನ್. 27,564 ರೋಗಿಗಳು, ಎಲ್ಲರೂ ಆಗಲೇ ಸ್ಟಾಟಿನ್ ತೆಗೆದುಕೊಳ್ಳುತ್ತಿದ್ದವರು. ಎಲ್‌ಡಿಎಲ್ 92ರಿಂದ 30ಕ್ಕೆ ಬಿತ್ತು. ಸಿಆರ್‌ಪಿ ಅಲುಗಲಿಲ್ಲ. ಆದರೂ ಆಘಾತ ಮುಂತಾದ ಘಟನೆಗಳು ಶೇ. 15ರಷ್ಟು ಕಡಿಮೆಯಾದವು.

ಚಿಕ್ಕಪ್ಪ: ಕಟ್ಟಿಗೆ ಎಳೆದರೆ ಸಾಕು ಅಂತಾಯ್ತು.

ನಾನು: ಇನ್ನೊಂದು ಕೇಳಿ. ಕಾಂಟೋಸ್ ಅಂತ, ರಿಡ್ಕರ್ ಅವರದೇ. ಹಿಂದೆ ಹೃದಯಾಘಾತವಾಗಿದ್ದ 10,061 ಜನ, ಚಿಕಿತ್ಸೆಯ ನಂತರವೂ ಸಿಆರ್‌ಪಿ 2ರ ಮೇಲೆ ಉಳಿದವರು. ಅವರಿಗೆ ಮೂರು ತಿಂಗಳಿಗೊಮ್ಮೆ ಕೆನಾಕಿನುಮ್ಯಾಬ್ ಚುಚ್ಚಿದರು. ಹರಳು ಗಂಟೆ ಬಾರಿಸಿದಾಗ ಹೊರಡುವ ಇಂಟರ್‌ಲ್ಯೂಕಿನ್-1 ಇದೆಯಲ್ಲ, ಅದನ್ನು ಮಾತ್ರ ಹಿಡಿದು ಕಟ್ಟುವ ಔಷಧಿ. ಎಲ್‌ಡಿಎಲ್ ಅಲುಗಲಿಲ್ಲ. ಸಿಆರ್‌ಪಿ ಬಿತ್ತು. 150 ಮಿಲಿಗ್ರಾಂ ಪ್ರಮಾಣದಲ್ಲಿ ಹೃದಯದ ಘಟನೆಗಳು ಕಡಿಮೆಯಾದದ್ದು ಎಷ್ಟು ಗೊತ್ತಾ? ಅಲ್ಲೂ ಶೇ. 15.

ಚಿಕ್ಕಪ್ಪ: ಕೆಂಡ ಆರಿಸಿದರೂ ಆಗುತ್ತದೆ!

ನಾನು: ವಿರ್ಕೋ ಹೇಳಿ ನೂರೈವತ್ತು ವರ್ಷಗಳಾದ ಮೇಲೆ ಮನುಷ್ಯರಲ್ಲಿ ಸಿಕ್ಕ ಸಾಕ್ಷಿ ಅದು. ಎರಡೂ ನಿಜ, ಬೇರೆ ಬೇರೆಯಾಗಿ ನಿಜ. ಕಟ್ಟಿಗೆ ಎಳೆಯುವುದನ್ನೂ ಕೆಂಡ ತಗ್ಗಿಸುವುದನ್ನೂ ಒಂದೇ ಗುಳಿಗೆಯಲ್ಲಿ ಮಾಡುವುದು ನೀವು ಬಿಟ್ಟ ಸ್ಟಾಟಿನ್. ಜನೌಷಧಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಆ ಮಾತ್ರೆಯಷ್ಟು ಬೆಲೆಬಾಳುವುದು ಹೃದ್ರೋಗಿಗೆ ಬಹಳ ಇಲ್ಲ.

ಚಿಕ್ಕಪ್ಪ: ಹಾಗಾದರೆ ಆ ಕೆಂಡದ ಇಂಜೆಕ್ಷನ್ ನನಗೂ ಕೊಡಬಹುದಲ್ಲ?

ನಾನು: ಇಲ್ಲ. ಕೆಂಡ ಅಂದರೆ ದೇಹದ ಕಾವಲೂ ಹೌದು. ಅದನ್ನು ಆರಿಸಿದಾಗ ಸೋಂಕಿನಿಂದ ಸತ್ತವರು ಹೆಚ್ಚಿದರು. ಒಟ್ಟು ಸಾವು ಕಡಿಮೆಯಾಗಲಿಲ್ಲ, ಬೆಲೆಯೂ ವಿಪರೀತ. ಅಮೆರಿಕದ ಔಷಧ ನಿಯಂತ್ರಕರು 2018ರಲ್ಲಿ ಹೃದ್ರೋಗಕ್ಕೆ ಅದನ್ನು ಒಪ್ಪಲಿಲ್ಲ. ಅಗ್ಗದ ಮೆಥೊಟ್ರೆಕ್ಸೇಟ್ ಕೊಟ್ಟು ನೋಡಿದರು. ಅದು ಸಿಆರ್‌ಪಿಯನ್ನೂ ಇಳಿಸಲಿಲ್ಲ, ಆಘಾತವನ್ನೂ ತಡೆಯಲಿಲ್ಲ. ಬೇಕಾದ ಕೆಂಡ ಯಾವುದೆಂದು ಗುರುತಿಸದೆ ಎಲ್ಲದರ ಮೇಲೂ ನೀರು ಸುರಿದರೆ ಉಪಯೋಗವಿಲ್ಲ ಎಂದು ಗೊತ್ತಾದದ್ದೂ ಲಾಭವೇ. ಆಮೇಲೆ ಕೊಲ್ಚಿಸಿನ್. ಅದು ಎಲ್ಲಿರುತ್ತದೆ ಎಂದು ನಿಮಗೆ ಗೊತ್ತಿದೆ.

ಚಿಕ್ಕಪ್ಪ: ನನಗೆ ಹೇಗೆ ಗೊತ್ತಿರಬೇಕು ಮಾರಾಯ್ತಿ?

ನಾನು: ಗೌರಿ ಹಬ್ಬದ ಹೊತ್ತಿಗೆ ನಮ್ಮ ಬೇಲಿಯಲ್ಲಿ ಅರಳುತ್ತದಲ್ಲ, ಕೆಂಪು ಹಳದಿ ಜ್ವಾಲೆಯ ಹಾಗೆ, ಗೌರಿ ಹೂವು, ಅಗ್ನಿಶಿಖೆ. ಆ ಬಳ್ಳಿಯ ಬೀಜ, ಗೆಡ್ಡೆಯಲ್ಲಿರುವ ವಿಷವೇ ಕೊಲ್ಚಿಸಿನ್. ಮಾತ್ರೆಯಲ್ಲಿ ಅರ್ಧ ಮಿಲಿಗ್ರಾಂ, ಹಿಂದಿನಿಂದ ಗೌಟಿಗೆ ಕೊಡುತ್ತಿದ್ದದ್ದು. ಗೆಡ್ಡೆ ತಿಂದರೆ ಜೀವ ಹೋಗುತ್ತದೆ, ಯಾರಾದರೂ ಮನೆಮದ್ದು ಅಂತ ಹೇಳಿದರೆ ಗದರಿಸಿ ಕಳಿಸಿ. ಮಾತ್ರೆಯನ್ನು ಹೃದ್ರೋಗಿಗಳಿಗೆ ಕೊಟ್ಟಾಗ 2019ರ ಒಂದು ಪ್ರಯೋಗದಲ್ಲಿ ಘಟನೆಗಳು ಶೇ. 23, 2020ರ ಇನ್ನೊಂದರಲ್ಲಿ ಶೇ. 31 ಕಡಿಮೆಯಾದವು. 2023ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. 2024ರಲ್ಲಿ ಏಳು ಸಾವಿರ ರೋಗಿಗಳ ದೊಡ್ಡ ಪ್ರಯೋಗವೊಂದು ಬಂತು, ಅದರಲ್ಲಿ ಲಾಭ ಕಾಣಲಿಲ್ಲ. ಹಾಗಾಗಿ ಆ ವಿಷಯದಲ್ಲಿ ನಾನು ಅವಸರ ಮಾಡುವುದಿಲ್ಲ. ಕೊಡಬೇಕೋ ಬೇಡವೋ ನಿಮ್ಮ ಹೃದ್ರೋಗ ವೈದ್ಯರು ತೀರ್ಮಾನಿಸಲಿ. ಮೊದಲು ಸ್ಟಾಟಿನ್ ಸರಿಯಾಗಿ ನಡೆಯಲಿ.

ಚಿಕ್ಕಪ್ಪ: ಸರಿಯಾಗಿ ನುಂಗಿದರೂ ಈ 4.6 ಇಳಿಯದಿದ್ದರೆ?

ನಾನು: ಆ ಪ್ರಶ್ನೆ ನಿಜಕ್ಕೂ ಭಾರದ್ದು. ಸ್ಟಾಟಿನ್ ಪಡೆಯುತ್ತಿದ್ದ 31,245 ಜನರ ಲೆಕ್ಕವನ್ನು ರಿಡ್ಕರ್ ತಂಡ 2023ರಲ್ಲಿ ಒಟ್ಟುಗೂಡಿಸಿತು. ಮಾತ್ರೆ ನಡೆಯುತ್ತಿದ್ದವರಲ್ಲಿ ಮುಂದಿನ ಸಾವನ್ನು ಮುನ್ಸೂಚಿಸಿದ್ದು ಉಳಿದ ಎಲ್‌ಡಿಎಲ್‌ಗಿಂತ ಹೆಚ್ಚಾಗಿ ಉಳಿದ ಸಿಆರ್‌ಪಿ. ಕಟ್ಟಿಗೆಯನ್ನು ಮಾತ್ರೆ ನೋಡಿಕೊಂಡಿತ್ತು, ಉಳಿದದ್ದು ಕೆಂಡ. ಆದರೆ ನಿಮ್ಮ 4.6ನ್ನು ಈಗಲೇ ನಂಬಬೇಡಿ. ಪರೀಕ್ಷೆಗೆ ಹೋಗುವ ಮುಂಚೆ ನೆಗಡಿ, ಜ್ವರ ಏನಾದರೂ ಇತ್ತಾ?

ಚಿಕ್ಕಪ್ಪ: ಜ್ವರ ಇರಲಿಲ್ಲ. ಒಸಡು ಬಾತಿತ್ತು. ಈಗಲೂ ರಕ್ತ ಬರುತ್ತದೆ.

ನಾನು: ಬಾಯಿ ತೆಗೀರಿ... ಕವಳ ಇನ್ನೂ ಬಿಟ್ಟಿಲ್ಲ. ಹೊಗೆಸೊಪ್ಪೂ ಇದೆ.

ಚಿಕ್ಕಪ್ಪ: ಬೀಡಿ ಬಿಟ್ಟೆನಲ್ಲ. ಹೊಗೆಸೊಪ್ಪಿನದು ಒಂದು ಚೂರು.

ನಾನು: ಚೂರಲ್ಲ ಚಿಕ್ಕಪ್ಪ. ಇಂಟರ್‌ಹಾರ್ಟ್ ಅಂತ 52 ದೇಶಗಳ ಅಧ್ಯಯನ 2004ರಲ್ಲಿ ಬಂತು, ನಮ್ಮ ದೇಶದವರೂ ಅದರಲ್ಲಿದ್ದರು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ರಲ್ಲಿ, ಉಳಿದವರಿಗೆ 59ರ ಸುಮಾರಿಗೆ. ಅದೇ ಅಧ್ಯಯನದ 2006ರ ಲೆಕ್ಕದಲ್ಲಿ ಹೊಗೆಸೊಪ್ಪು ಜಗಿಯುವವರಿಗೆ, ಸೇದದಿದ್ದರೂ, ಹೃದಯಾಘಾತದ ಸಂಭವ ಎರಡು ಪಟ್ಟಿಗೂ ಹೆಚ್ಚು. ಒಸಡಿನ ರೋಗ ಸಿಆರ್‌ಪಿ ಏರಿಸುತ್ತದೆ. ಹೊಟ್ಟೆಯ ಸುತ್ತಿನ ಬೊಜ್ಜು ಏರಿಸುತ್ತದೆ. ಮೊದಲು ದಂತವೈದ್ಯರ ಹತ್ತಿರ ಹೋಗಿ. ಬಾಯಿ ಸರಿಯಾದ ಮೇಲೆ, ಜ್ವರ ನೆಗಡಿ ಇಲ್ಲದಾಗ, ಎರಡು ವಾರದ ಅಂತರದಲ್ಲಿ ಎರಡು ಸಲ ನೋಡಿದರೆ ಆ ಅಂಕಿಗೆ ಅರ್ಥ. 10ರ ಮೇಲೆ ಹೋದರೆ ಅದು ಹೆಚ್ಚಾಗಿ ಬೇರೆ ಸೋಂಕಿನ ಮಾತು. ಅರ್ಥ ಹೇಳುವವರಿಲ್ಲದೆ ಕೆಂಪಕ್ಷರದ ಹಾಳೆ ಕೈಗೆ ಕೊಟ್ಟು ಹೆದರಿಸಿ ಕಳಿಸುವುದು ತಪ್ಪು, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಚಿಕ್ಕಪ್ಪ: ಒಂದು ಮಾತು ಮುಚ್ಚಿಟ್ಟಿದ್ದೆ. ನಾರ್ಮಲ್ ಅಂತಷ್ಟೇ ಮಾತ್ರೆ ಬಿಟ್ಟದ್ದಲ್ಲ. ಮೀನಖಂಡ ನೋಯುತ್ತಿತ್ತು. ಆ ಮಾತ್ರೆಯಿಂದಲೇ ಅಂತ ಮೊಬೈಲಿನಲ್ಲಿ ನೋಡಿದೆ.

ನಾನು: ಅದನ್ನೇ ಮೊದಲು ಹೇಳಬೇಕಿತ್ತು. ಮೂತ್ರ ಕಪ್ಪಗೆ ಹೋಗಿತ್ತಾ? ಕೂತಲ್ಲಿಂದ ಏಳಲು ಆಗದಷ್ಟು ಸುಸ್ತು?

ಚಿಕ್ಕಪ್ಪ: ಅಂಥದೇನೂ ಇಲ್ಲ. ನೋವು ಮಾತ್ರ. ಮಾತ್ರೆ ಬಿಟ್ಟ ಮೇಲೂ ಪೂರ್ತಿ ಹೋಗಿಲ್ಲ.

ನಾನು: ಲಂಡನ್ನಿನಲ್ಲಿ ಇಂಥ 60 ಜನರನ್ನು ಕರೆದರು. ಎಲ್ಲರೂ ತೊಂದರೆ ಆಯಿತೆಂದು ಸ್ಟಾಟಿನ್ ಬಿಟ್ಟವರು. ಒಬ್ಬೊಬ್ಬರಿಗೂ ಹನ್ನೆರಡು ಬಾಟಲಿ, ತಿಂಗಳಿಗೊಂದು. ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಔಷಧಿಯಿಲ್ಲದ ಮಾತ್ರೆ, ನಾಲ್ಕು ಖಾಲಿ. ದಿನದಿನದ ತೊಂದರೆಯನ್ನು ಫೋನಿನಲ್ಲಿ ಗುರುತು ಮಾಡಿಸಿದರು. ಸ್ಟಾಟಿನ್ ತಿಂಗಳುಗಳಲ್ಲಿ ಆದ ತೊಂದರೆಯ ಶೇ. 90ರಷ್ಟು ಔಷಧಿಯಿಲ್ಲದ ಮಾತ್ರೆಯ ತಿಂಗಳುಗಳಲ್ಲೂ ಆಗಿತ್ತು. ನೋವು ಸುಳ್ಳಲ್ಲ, ಅವರಿಗೆ ನಿಜವಾಗಿಯೇ ನೋಯುತ್ತಿತ್ತು. ನೋಯುತ್ತದೆಂಬ ಭಯವೂ ನೋಯಿಸುತ್ತದೆ. ಫಲಿತಾಂಶ ತೋರಿಸಿದ ಮೇಲೆ ಅರ್ಧದಷ್ಟು ಜನ ಮತ್ತೆ ಮಾತ್ರೆ ಶುರು ಮಾಡಿದರು. ಸ್ಟಾಟಿನ್ನಿನಿಂದಲೇ ಸ್ನಾಯು ನೋಯುವವರೂ ಇದ್ದಾರೆ, ಸಕ್ಕರೆ ತುಸು ಏರುವವರೂ ಇದ್ದಾರೆ. ಅಂಥವರಿಗೆ ಪ್ರಮಾಣ ಬದಲಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು, ಎಜೆಟಿಮೈಬ್ ಸೇರಿಸಬಹುದು. ಸ್ಟಾಟಿನ್ ಒಗ್ಗದವರಿಗೆ ಬೆಂಪೆಡೊಯಿಕ್ ಆಮ್ಲ ಇದೆ, ಅದು ಎಲ್‌ಡಿಎಲ್ ಮತ್ತು ಸಿಆರ್‌ಪಿ ಎರಡನ್ನೂ ಐದರಲ್ಲೊಂದು ಪಾಲಿನಷ್ಟು ಇಳಿಸುತ್ತದೆ. 2023ರ ಪ್ರಯೋಗದಲ್ಲಿ ಹೃದಯದ ಘಟನೆಗಳು ಅದರಿಂದ ಶೇ. 13 ಕಡಿಮೆಯಾದವು. ದಾರಿಗಳಿವೆ. ಯಾರಿಗೂ ಹೇಳದೆ ನಿಲ್ಲಿಸುವುದೊಂದೇ ದಾರಿಯಲ್ಲ.

ಚಿಕ್ಕಪ್ಪ: ಮೂರು ವಾರದಲ್ಲಿ ಏನು ಕೆಟ್ಟಿರುತ್ತದೆ?

ನಾನು: ನಿಮ್ಮ ನಾಳದೊಳಗೆ ನೋಡಿ ಬಂದವರ ಹಾಗೆ ಹೇಳಲಾರೆ. ಎದೆನೋವಿನಿಂದ ಆಸ್ಪತ್ರೆ ಸೇರಿದವರ ಮೇಲೆ ಮಾಡಿದ, 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಮಾತು ಹೇಳುತ್ತೇನೆ. ಮೊದಲಿನಿಂದ ಸ್ಟಾಟಿನ್ ತೆಗೆದುಕೊಳ್ಳುತ್ತಿದ್ದವರಿಗೆ ಅಪಾಯ ಕಡಿಮೆ ಇತ್ತು. ಆಸ್ಪತ್ರೆಯಲ್ಲಿ ಅದನ್ನು ನಿಲ್ಲಿಸಿದವರಲ್ಲಿ, ಮುಂದುವರಿಸಿದವರಿಗೆ ಹೋಲಿಸಿದರೆ, ಸಾವು ಮತ್ತು ಆಘಾತ ಹೆಚ್ಚಾಯಿತು. ಅದೂ ಮೊದಲ ವಾರದಲ್ಲೇ. ಇಷ್ಟು ಬೇಗ ಆದದ್ದನ್ನು ಕಟ್ಟಿಗೆಯ ಲೆಕ್ಕ ಒಂದರಿಂದಲೇ ವಿವರಿಸುವುದು ಕಷ್ಟ.

ಚಿಕ್ಕಪ್ಪ: ಮಾತ್ರೆ ಡಬ್ಬಿಯಲ್ಲೇ ಇದೆ. ಇವತ್ತು ರಾತ್ರಿಯೇ ತಗೋತೇನೆ.

ನಾನು: ತಗೊಳ್ಳಿ. ನಾಳೆ ನಿಮ್ಮ ಹೃದ್ರೋಗ ವೈದ್ಯರಿಗೆ ಫೋನ್ ಮಾಡಿ ಬಿಟ್ಟದ್ದನ್ನೂ, ಕಾಲುನೋವನ್ನೂ, 55ರ ಗುರಿಯನ್ನೂ ಹೇಳೋಣ, ನಾನೂ ಪಕ್ಕದಲ್ಲಿರುತ್ತೇನೆ. ನೋವಿಗೆ ಒಂದು ರಕ್ತಪರೀಕ್ಷೆ ಬರೆದಾರು. ಎಂಟು ವಾರ ಬಿಟ್ಟು ಲಿಪಿಡ್ ಪ್ರೊಫೈಲ್ ಮತ್ತೆ ಮಾಡಿಸೋಣ. ಕವಳದ ಸಂಚಿಯನ್ನು ಮಾತ್ರ ಈಗಲೇ ನನ್ನ ಕೈಗೆ ಕೊಡಿ.

(ಸಂಚಿ ಕೊಟ್ಟರು. ಕೊಟ್ಟವರು ಏಳಲಿಲ್ಲ. ಹಂಡೆಯ ನೀರು ಕುದಿಯಲು ಶುರುವಾಗಿತ್ತು.)

ಚಿಕ್ಕಪ್ಪ: ಇನ್ನೊಂದು ಇದೆ. ಅಡಿಕೆ ಹಾಕಲು ಸೊಸೈಟಿಗೆ ಬರುವವರಲ್ಲಿ ಸ್ಟೆಂಟ್ ಹಾಕಿಸಿಕೊಂಡ ನಾಲ್ಕು ಜನರನ್ನು ಬಲ್ಲೆ. ಕೊಲೆಸ್ಟ್ರಾಲ್ ಇಳಿದ ಮೇಲೆ ಆ ಮಾತ್ರೆ ಬೇಡ ಅಂತ ನಾನೇ ಹೇಳಿದ್ದೆ. ಇಬ್ಬರು ಬಿಟ್ಟಿದ್ದಾರೆ.

ನಾನು: ಹಾಗಾದರೆ ಅವರಿಗೆ ಈಗಲೇ ಫೋನ್ ಮಾಡಿ ಚಿಕ್ಕಪ್ಪ. ಬೆಳಗಾಗುವವರೆಗೆ ಕಾಯಬೇಡಿ.